ಏರುತ್ತಿರುವ ಕಾರು ಮತ್ತು ಮನೆ ವಿಮೆಯ ಖರ್ಚು: ಬೆಂಗಳೂರಿನವರಿಗೊಂದು ಸಮಗ್ರ ಮಾರ್ಗದರ್ಶಿ

ವಿಮೆಯ ನವೀಕರಣದ ನೋಟಿಸ್ ಬಂದಾಗ ನಮ್ಮಲ್ಲಿ ಬಹುತೇಕರ ಕಣ್ಣು ಹೋಗುವುದು ಕೊನೆಯ ಸಾಲಿಗೆ, ಅಂದರೆ ಕಟ್ಟಬೇಕಾದ ಒಟ್ಟು ಮೊತ್ತಕ್ಕೆ. ಅದು ಕಳೆದ ವರ್ಷಕ್ಕಿಂತ ಎರಡು ಸಾವಿರ ಹೆಚ್ಚಾಗಿದ್ದರೆ ಗೊಣಗುತ್ತಲೇ ಕಟ್ಟುತ್ತೇವೆ, ಇಲ್ಲವೇ ಏಜೆಂಟರಿಗೆ ಫೋನು ಮಾಡಿ ಸ್ವಲ್ಪ ಕಡಿಮೆ ಮಾಡಿಸಿಕೊಡಿ ಎನ್ನುತ್ತೇವೆ. ಅವರು ಐಡಿವಿಯನ್ನು, ಅಂದರೆ ಪಾಲಿಸಿಯಲ್ಲಿ ಕಾರಿಗೆ ನಿಗದಿಪಡಿಸಿದ ಬೆಲೆಯನ್ನು ಇಳಿಸಿಯೋ, ಆಡ್-ಆನ್ ಎಂಬ ಹೆಚ್ಚುವರಿ ರಕ್ಷಣೆಗಳಲ್ಲಿ ಒಂದೆರಡನ್ನು ತೆಗೆದುಹಾಕಿಯೋ ಅರ್ಧ ಗಂಟೆಯಲ್ಲಿ ಹೊಸ ಮೊತ್ತ ಕಳಿಸುತ್ತಾರೆ. ಇಳಿದದ್ದು ಬೆಲೆಯೋ, ರಕ್ಷಣೆಯೋ ಎಂಬುದು ಗೊತ್ತಾಗುವುದು ಮಳೆಗಾಲದಲ್ಲಿ.

ನನಗೆ ಗೊತ್ತಾದದ್ದು 2022ರ ಸೆಪ್ಟೆಂಬರ್ 5ರ ಬೆಳಿಗ್ಗೆ. ಸರ್ಜಾಪುರ ರಸ್ತೆಯ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ರಾತ್ರಿಯ ಮಳೆನೀರು ನುಗ್ಗಿ ಕಾರಿನ ಸೀಟಿನವರೆಗೆ ನಿಂತಿತ್ತು. ನೀರು ಇಳಿದ ಮೇಲೆ ಎರಡು ಬಾರಿ ಸ್ಟಾರ್ಟ್ ಬಟನ್ ಒತ್ತಿದೆ. ಎಂಜಿನ್ ಒಳಗೆ ಏನೋ ಕಡಿದಂತೆ ಸದ್ದಾಯಿತು, ಆಮೇಲೆ ಸದ್ದೇ ಇಲ್ಲ. ಆ ವರ್ಷ ಒಂಬೈನೂರು ರೂಪಾಯಿ ಉಳಿಸಲೆಂದು ಎಂಜಿನ್ ಪ್ರೊಟೆಕ್ಷನ್ ಆಡ್-ಆನ್ ತೆಗೆಸಿದ್ದೆ. ವಿಮಾ ಕಂಪನಿ ಕಾರ್ಪೆಟ್ಟು, ಸೀಟು, ವೈರಿಂಗಿನ ಖರ್ಚನ್ನು ಕೊಟ್ಟಿತು, ಎಂಜಿನ್ನಿನದನ್ನು ಕೊಡಲಿಲ್ಲ. ಕೋಪ ಬಂದಿದ್ದು ನಿಜ, ಆದರೆ ಪಾಲಿಸಿಯ ಷರತ್ತನ್ನು ಓದಿ ನೋಡಿದಾಗ ತಪ್ಪು ಅವರದಾಗಿರಲಿಲ್ಲ. ಆ ವರ್ಷದಿಂದ ನೋಟಿಸನ್ನು ಸಾಲುಸಾಲಾಗಿ ಓದುವ ಅಭ್ಯಾಸ ಮಾಡಿಕೊಂಡೆ. ಮುಂದಿನ ಹಂತಗಳು ಆ ಓದಿನಿಂದ ಹುಟ್ಟಿದವು.

1. ನಲವತ್ತೈದು ದಿನ ಮೊದಲೇ ನೋಟಿಸನ್ನು ಬಿಡಿಸಿ ನೋಡಿ

ಕಾರಿನ ವಿಮೆಯ ಮೊತ್ತ ನಾಲ್ಕು ತುಂಡುಗಳಿಂದ ಕೂಡಿದ್ದು. ಮೊದಲನೆಯದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ವಾಹನದಿಂದ ಇತರರಿಗೆ ಆಗುವ ಸಾವು, ಗಾಯ, ನಷ್ಟಗಳ ಹೊಣೆ. ಎರಡನೆಯದು ಓನ್ ಡ್ಯಾಮೇಜ್, ಎಂದರೆ ನಿಮ್ಮದೇ ಕಾರಿಗೆ ಆಗುವ ಹಾನಿ ಮತ್ತು ಕಳ್ಳತನದ ರಕ್ಷಣೆ. ಮೂರನೆಯದು ಆಡ್-ಆನ್‌ಗಳು. ನಾಲ್ಕನೆಯದು ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ. ಇವೆಲ್ಲದರ ಮೇಲೆ 18% ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಮೇಲಿನ ಜಿಎಸ್‌ಟಿಯನ್ನು ತೆಗೆದ ಸುದ್ದಿ ಓದಿ ಕಾರಿನ ವಿಮೆಗೂ ಅದು ಸಿಗುತ್ತದೆಂದು ಕಾದವರು ಹಲವರಿದ್ದಾರೆ. ಖಾಸಗಿ ಕಾರು ಮತ್ತು ಮನೆ ವಿಮೆಗೆ ಆ ವಿನಾಯಿತಿ ಬರಲಿಲ್ಲ.

ಒಂದು ಹಾಳೆಯಲ್ಲಿ ಈ ನಾಲ್ಕನ್ನೂ ಕಳೆದ ವರ್ಷದ ಅಂಕಿಗಳ ಪಕ್ಕದಲ್ಲಿ ಬರೆದುಕೊಳ್ಳಿ. ಏರಿಕೆ ಯಾವ ಸಾಲಿನಲ್ಲಿ ಬಂದಿದೆ ಎಂದು ತಿಳಿಯದೆ ಚೌಕಾಶಿಗೆ ಇಳಿದರೆ ಎದುರಿನವರು ತೋರಿಸಿದ ಕಡೆ ಮಾತ್ರ ಕಡಿತವಾಗುತ್ತದೆ.

2. ಚೌಕಾಶಿಗೆ ಬಗ್ಗದ ಸಾಲನ್ನು ಬದಿಗಿಡಿ, ಆದರೆ ಎರಡು ಸಲ ಕಟ್ಟಬೇಡಿ

ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ. ಅದರ ದರವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಜೊತೆ ಸಮಾಲೋಚಿಸಿ ಪ್ರಕಟಿಸುತ್ತದೆ. ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯ ಪ್ರಕಾರ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟರೆ 7,897 ರೂಪಾಯಿ. ವಿದ್ಯುತ್ ವಾಹನಗಳಿಗೆ ಇದರಲ್ಲಿ 15% ರಿಯಾಯಿತಿ ಉಂಟು. ಹೊಸ ಕಾರು ಕೊಳ್ಳುವಾಗ ಎಂಜಿನ್ನಿನ ಸಿಸಿ ಯಾವ ಮೆಟ್ಟಿಲಲ್ಲಿ ಬೀಳುತ್ತದೆ ಎಂದು ನೋಡಿದರೆ, 1500 ಸಿಸಿಯ ಗೆರೆ ದಾಟಿದ ಕಾರು ವರ್ಷವರ್ಷವೂ ನಾಲ್ಕೂವರೆ ಸಾವಿರ ಹೆಚ್ಚು ಕೇಳುತ್ತದೆ ಎಂಬುದು ಆಗಲೇ ಕಾಣುತ್ತದೆ.

ಹಣ ಸೋರುವ ಜಾಗ ಬೇರೆ ಇದೆ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಆದ್ದರಿಂದ ಎರಡನೇ ಮತ್ತು ಮೂರನೇ ವರ್ಷಕ್ಕೆ ಬೇಕಾದದ್ದು ಓನ್ ಡ್ಯಾಮೇಜ್ ಮಾತ್ರ ಇರುವ ಪ್ರತ್ಯೇಕ ಪಾಲಿಸಿ. ಅದನ್ನು ಗಮನಿಸದೆ ಪೂರ್ತಿ ಪ್ಯಾಕೇಜ್ ಕೊಂಡವರು ಥರ್ಡ್ ಪಾರ್ಟಿಗೆ ಎರಡು ಸಲ ಕಟ್ಟಿದಂತಾಗುತ್ತದೆ. ಹಾಗೆಯೇ 15 ಲಕ್ಷ ರೂಪಾಯಿಯ ಮಾಲೀಕ-ಚಾಲಕ ಅಪಘಾತ ವಿಮೆ ವಾಹನಕ್ಕಲ್ಲ, ವ್ಯಕ್ತಿಗೆ. ಮನೆಯಲ್ಲಿ ಒಬ್ಬರದೇ ಹೆಸರಿನಲ್ಲಿ ಕಾರು, ಸ್ಕೂಟರ್ ಎರಡೂ ಇದ್ದರೆ ಒಂದರಲ್ಲಿ ತೆಗೆದುಕೊಂಡು ಇನ್ನೊಂದರ ಅರ್ಜಿಯಲ್ಲಿ ಈಗಾಗಲೇ ಇದೆ ಎಂದು ಘೋಷಿಸಿದರೆ ಸಾಕು.

ಇದೇ ಭಾಗದಲ್ಲಿ ಮಾಡಬಾರದ ಒಂದು ಉಳಿತಾಯವೂ ಇದೆ. ಇತರರ ಆಸ್ತಿನಷ್ಟದ ಹೊಣೆಯನ್ನು 7.5 ಲಕ್ಷದಿಂದ 6,000 ರೂಪಾಯಿಗೆ ಇಳಿಸಿಕೊಂಡರೆ ಪ್ರೀಮಿಯಂನಲ್ಲಿ ಚಿಲ್ಲರೆ ಮೊತ್ತ ಕಡಿಮೆಯಾಗುತ್ತದೆ. ನಮ್ಮ ರಸ್ತೆಗಳಲ್ಲಿ ನಿಮ್ಮ ಮುಂದೆ ನಿಂತಿರುವುದು ಯಾವ ಕಾರು ಎಂದು ಒಮ್ಮೆ ನೋಡಿದರೆ ಆ ಆಸೆ ತಾನಾಗಿ ಹೋಗುತ್ತದೆ. ಚಾಲಕರನ್ನು ಸಂಬಳಕ್ಕೆ ಇಟ್ಟುಕೊಂಡವರು ಅವರ ಹೊಣೆಗಾಗಿ ಇರುವ 50 ರೂಪಾಯಿಯ ಸಾಲನ್ನೂ ಉಳಿಸಿಕೊಳ್ಳಬೇಕು.

3. ಓನ್ ಡ್ಯಾಮೇಜ್: ನಿಜವಾದ ಚೌಕಾಶಿ ಇಲ್ಲಿ

ಓನ್ ಡ್ಯಾಮೇಜ್ ದರ 2007ರಿಂದ ಮುಕ್ತವಾಗಿದೆ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಹಳೆಯ ದರಪಟ್ಟಿಯಲ್ಲಿ ಬೆಂಗಳೂರು ಇತರ ಮಹಾನಗರಗಳ ಜೊತೆ ದುಬಾರಿಯಾದ ಎ ವಲಯದಲ್ಲಿತ್ತು, ಮೈಸೂರು, ಹುಬ್ಬಳ್ಳಿಯ ನೋಂದಣಿಗೆ ಬಿ ವಲಯದ ದರ. ದರ ಈಗ ಏರುತ್ತಿರುವುದಕ್ಕೆ ಬಂಪರಿನೊಳಗೇ ಬಂದು ಕೂತಿರುವ ಸೆನ್ಸರು, ಕ್ಯಾಮೆರಾಗಳೂ ಕಾರಣ. ಹಿಂದೆ ಡೆಂಟಿಂಗ್-ಪೇಂಟಿಂಗ್ ಮಾಡಿಸಿ ಮುಗಿಸುತ್ತಿದ್ದ ಪೆಟ್ಟಿಗೆ ಇಂದು ಪೂರ್ತಿ ಹೆಡ್‌ಲ್ಯಾಂಪ್ ಬದಲಿಸುವ ಬಿಲ್ಲು ಬರುತ್ತದೆ.

ಷೋರೂಮಿನ ದರ, ಆನ್‌ಲೈನ್ ದರ, ಸರ್ಕಾರಿ ವಲಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳಲ್ಲಿ ಒಂದರ ಶಾಖೆಯ ದರ, ಹೀಗೆ ಕನಿಷ್ಠ ಮೂರನ್ನು ತೆಗೆದುಕೊಳ್ಳಿ. ಮೂರರಲ್ಲೂ ಐಡಿವಿ, ಆಡ್-ಆನ್, ಕಡಿತದ ಮೊತ್ತ (ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸುವ ಪಾಲು) ಒಂದೇ ಇರಲಿ. ಇಲ್ಲವಾದರೆ ಹೋಲಿಕೆಗೆ ಅರ್ಥವಿಲ್ಲ. ವಿಮೆ ನಮ್ಮಲ್ಲೇ ಮಾಡಿಸಬೇಕು ಎಂದು ಷೋರೂಮಿನವರು ಒತ್ತಾಯಿಸುವಂತಿಲ್ಲ. ಹೊರಗಿನ ದರವನ್ನು ತೋರಿಸಿದರೆ ಅವರೇ ಇಳಿಯುವುದು ಸಾಮಾನ್ಯ. ಆದರೆ ನೀವು ಸದಾ ಹೋಗುವ ಗ್ಯಾರೇಜು ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆಯೇ ಎಂದು ಗ್ಯಾರೇಜಿನಲ್ಲೇ ಕೇಳಿಕೊಳ್ಳಿ.

ಐಡಿವಿಯನ್ನು ಇಳಿಸುವ ಬಗ್ಗೆ ಎಚ್ಚರ ಬೇಕು. ಕಾರು ಕಳುವಾದರೆ ಅಥವಾ ರಿಪೇರಿಯ ಖರ್ಚು ಐಡಿವಿಯ 75% ದಾಟಿದರೆ ನಿಮ್ಮ ಕೈಗೆ ಬರುವುದು ಆ ಮೊತ್ತವೇ. 5 ಲಕ್ಷ ಐಡಿವಿಗೆ ಓನ್ ಡ್ಯಾಮೇಜ್ 9,600 ರೂಪಾಯಿ ಇದೆ ಎಂದುಕೊಳ್ಳೋಣ. ಐಡಿವಿಯನ್ನು 4 ಲಕ್ಷಕ್ಕೆ ಇಳಿಸಿದರೆ ಅದು 7,680 ಆಗುತ್ತದೆ. 50% ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಇದ್ದವರಿಗೆ ತೆರಿಗೆ ಸೇರಿ ನಿಜವಾಗಿ ಉಳಿಯುವುದು ಸುಮಾರು 1,133 ರೂಪಾಯಿ. ಅದಕ್ಕಾಗಿ ಒಂದು ಲಕ್ಷ ರೂಪಾಯಿಯ ರಕ್ಷಣೆ ಬಿಟ್ಟುಕೊಟ್ಟಂತೆ.

ಬದಲಿಗೆ ಸ್ವಯಂ ಕಡಿತ, ಅಂದರೆ ವಾಲಂಟರಿ ಡಿಡಕ್ಟಿಬಲ್ ಬಗ್ಗೆ ಯೋಚಿಸಬಹುದು. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ 1,000 ರೂಪಾಯಿ ನಿಮ್ಮ ಪಾಲಿಗೆ ಕಡ್ಡಾಯವಾಗಿ ಬರುತ್ತದೆ, ಅದಕ್ಕೂ ಮೇಲಿನ ಕಾರಿಗೆ 2,000. ಅದರ ಮೇಲೆ ಇನ್ನೂ 5,000 ನಾನೇ ಭರಿಸುತ್ತೇನೆ ಎಂದು ಒಪ್ಪಿದರೆ ಓನ್ ಡ್ಯಾಮೇಜಿನಲ್ಲಿ ರಿಯಾಯಿತಿ ಸಿಗುತ್ತದೆ. ಸಣ್ಣ ಗೀರಿಗೆಲ್ಲ ಕ್ಲೇಮು ಮಾಡದವರಿಗೆ ಇದು ಹೊಂದುತ್ತದೆ. ವಾರಕ್ಕೆರಡು ದಿನ ಮಾತ್ರ ಆಫೀಸಿಗೆ ಹೋಗುವವರು, ಮೆಟ್ರೋ ಹಿಡಿದು ಕಾರನ್ನು ಮನೆಯಲ್ಲೇ ಬಿಡುವವರು ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಕಟ್ಟುವ ‘ಪೇ ಆಸ್ ಯು ಡ್ರೈವ್’ ಸೌಲಭ್ಯವನ್ನು ಕೇಳಬೇಕು. ಐಆರ್‌ಡಿಎಐ 2022ರ ಜುಲೈನಲ್ಲಿ ಇದಕ್ಕೆ ಅನುಮತಿ ನೀಡಿದೆ. ಕಿಲೋಮೀಟರಿನ ಮಿತಿ ಮುಗಿದ ಮೇಲೆ ಏನಾಗುತ್ತದೆ ಎಂಬ ಷರತ್ತನ್ನು ಓದಿದ ನಂತರವೇ ಸಹಿ ಮಾಡಿ, ಏಕೆಂದರೆ ದಸರೆಗೆ ಊರಿಗೆ ಹೋಗಿಬರುವ ಒಂದೇ ಪ್ರಯಾಣ ಲೆಕ್ಕವನ್ನೆಲ್ಲ ಕೆಡಿಸಬಲ್ಲದು.

4. ನೋ ಕ್ಲೇಮ್ ಬೋನಸ್ಸಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ

ಕ್ಲೇಮಿಲ್ಲದ ಪ್ರತಿ ವರ್ಷಕ್ಕೂ ಓನ್ ಡ್ಯಾಮೇಜಿನಲ್ಲಿ ಕ್ರಮವಾಗಿ 20, 25, 35, 45, 50 ಶೇಕಡಾ ಬೋನಸ್ ಸಿಗುತ್ತದೆ. ಒಂದು ಕ್ಲೇಮು ಮಾಡಿದರೆ ಮುಂದಿನ ನವೀಕರಣಕ್ಕೆ ಅದು ಸೊನ್ನೆ, ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕು.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಟೋ ಒಂದು ನನ್ನ ಕಾರಿನ ಹಿಂದಿನ ಬಂಪರನ್ನು ಉಜ್ಜಿಕೊಂಡು ಹೋದಾಗ ಗ್ಯಾರೇಜಿನವರು 8,000 ರೂಪಾಯಿ ಹೇಳಿದರು, ಕ್ಲೇಮು ಮಾಡಿಬಿಡಿ ಸಾರ್ ಎಂದೂ ಸೇರಿಸಿದರು. ಆಗ ನನ್ನ ಬೋನಸ್ 50%, ಬೋನಸ್ಸಿಗೆ ಮುಂಚಿನ ಓನ್ ಡ್ಯಾಮೇಜ್ 9,600. ಬೋನಸ್ ಉಳಿಸಿಕೊಂಡರೆ ಪ್ರತಿ ವರ್ಷ 4,800 ಕಟ್ಟಿದರೆ ಸಾಕು. ಕ್ಲೇಮು ಮಾಡಿದ್ದರೆ ಮೊದಲ ವರ್ಷ 9,600, ಎರಡನೇ ವರ್ಷ 7,680, ಆಮೇಲೆ 7,200, 6,240, 5,280. ಆರನೇ ವರ್ಷಕ್ಕೆ ಮತ್ತೆ 4,800. ಹೆಚ್ಚುವರಿಯಾಗಿ ತೆರಬೇಕಾಗುತ್ತಿದ್ದದ್ದು ಐದು ವರ್ಷಗಳಲ್ಲಿ ಒಟ್ಟು 12,000, ಜಿಎಸ್‌ಟಿ ಸೇರಿ 14,160 ರೂಪಾಯಿ. ಐಡಿವಿ ವರ್ಷವರ್ಷ ಇಳಿಯುವುದರಿಂದ ನಿಜವಾದ ಮೊತ್ತ ಇದಕ್ಕಿಂತ ಸ್ವಲ್ಪ ಕಡಿಮೆ ಬರಬಹುದು, ಆದರೂ 8,000ದಲ್ಲಿ ಕಡ್ಡಾಯ ಕಡಿತ ಹೋಗಿ ಸಿಗುವ 7,000ಕ್ಕಾಗಿ ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ. ನಾನು ಕೈಯಿಂದಲೇ ಕೊಟ್ಟೆ. ನಿಮ್ಮ ಕಾರಿನ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿಟ್ಟುಕೊಂಡರೆ ಎಷ್ಟರೊಳಗಿನ ಬಿಲ್ಲನ್ನು ಸ್ವಂತವಾಗಿ ಕಟ್ಟಬೇಕೆಂಬುದು ಗ್ಯಾರೇಜಿನ ಕೌಂಟರಿಗೆ ಹೋಗುವ ಮುಂಚೆಯೇ ಗೊತ್ತಿರುತ್ತದೆ.

ಬೋನಸ್ ಮಾಲೀಕನದು, ಕಾರಿನದಲ್ಲ. ಹಳೆಯ ಕಾರು ಮಾರಿದಾಗ ಮಾರಾಟದ ದಾಖಲೆ ಕೊಟ್ಟು ಕಂಪನಿಯಿಂದ ಬೋನಸ್ ಉಳಿಕೆಯ ಪತ್ರ ಪಡೆದರೆ ಅದನ್ನು ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಹೊಸ ಕಾರಿನ ಓನ್ ಡ್ಯಾಮೇಜ್ 30,000 ಇದ್ದರೆ 50% ಬೋನಸ್ ಎಂದರೆ 15,000 ರೂಪಾಯಿ. ಎಕ್ಸ್‌ಚೇಂಜಿನ ಗಡಿಬಿಡಿಯಲ್ಲಿ ಷೋರೂಮಿನವರು ಇದನ್ನು ನೆನಪಿಸುವುದು ಅಪರೂಪ. ಪಾಲಿಸಿ ಮುಗಿದು 90 ದಿನ ದಾಟಿದರೆ ಬೋನಸ್ ಪೂರ್ತಿ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಿಂದಿನ ಮಾಲೀಕರ ಬೋನಸ್ ಸಿಗುವುದಿಲ್ಲ, ಮತ್ತು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಇಲ್ಲದ ಬೋನಸ್ಸನ್ನು ಇದೆ ಎಂದು ಘೋಷಿಸುವವರನ್ನೂ ಕಂಡಿದ್ದೇನೆ. ಹಿಂದಿನ ಕಂಪನಿಯಿಂದ ಅದನ್ನು ದೃಢಪಡಿಸಿಕೊಳ್ಳುವುದು ಸುಲಭ, ಕ್ಲೇಮಿನ ಹೊತ್ತಿಗೆ ಸಿಕ್ಕಿಬೀಳುತ್ತಾರೆ.

5. ಆಡ್-ಆನ್‌ಗಳು: ಬೆಂಗಳೂರಿಗೆ ಬೇಕಾದವು, ಬೇಡವಾದವು

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಬಿಡಬಾರದ ಆಡ್-ಆನ್ ಎಂಜಿನ್ ಪ್ರೊಟೆಕ್ಷನ್. 2022ರಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ. 2025ರ ಮೇನಲ್ಲಿ ಸಾಯಿ ಲೇಔಟ್: ನೀರು ನಿಂತ ಜಾಗಗಳ ಪಟ್ಟಿ ಪ್ರತಿ ಮಳೆಗಾಲದಲ್ಲೂ ಉದ್ದವಾಗುತ್ತಿದೆ. ಸಾಮಾನ್ಯ ಪ್ಯಾಕೇಜ್ ಪಾಲಿಸಿ ಪ್ರವಾಹದ ನೇರ ಹಾನಿಯನ್ನು ಕೊಡುತ್ತದೆ, ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿದ್ದರಿಂದ ಆದದ್ದನ್ನು ಪರಿಣಾಮರೂಪದ ನಷ್ಟವೆಂದು ಹೊರಗಿಡುತ್ತದೆ. ಆಡ್-ಆನ್ ಇದ್ದರೂ ಸ್ಟಾರ್ಟ್ ಮಾಡಬೇಡಿ. ನೀರಿನ ಮಟ್ಟ ಕಾಣುವಂತೆ ನಂಬರ್ ಪ್ಲೇಟ್ ಸಮೇತ ಫೋಟೋ ತೆಗೆದು, ಸಾಧ್ಯವಾದರೆ ಬ್ಯಾಟರಿ ಕಳಚಿ, ಕಂಪನಿಗೆ ತಿಳಿಸಿ ಟೋಯಿಂಗ್ ಕರೆಸಿ. ವಿದ್ಯುತ್ ಕಾರಿನವರು ಬ್ಯಾಟರಿಗೆಂದೇ ಇರುವ ಆಡ್-ಆನ್ ಕೇಳಬೇಕು. ಹತ್ತನೇ ಮಹಡಿಯಲ್ಲಿ ವಾಸವಿದ್ದರೂ ಕಾರು ಬೇಸ್‌ಮೆಂಟಿನಲ್ಲಿಯೇ ನಿಲ್ಲುತ್ತದೆ ಎಂಬುದನ್ನು ಮರೆಯಬೇಡಿ.

ಜೀರೋ ಡೆಪ್ರಿಸಿಯೇಷನ್ ಐದು ವರ್ಷದೊಳಗಿನ ಕಾರಿಗೆ ಸಾರ್ಥಕ. ಅದಿಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ 50% ಸವಕಳಿ ಕಳೆಯುತ್ತಾರೆ, ಹೀಗಾಗಿ 12,000 ರೂಪಾಯಿಯ ಬಂಪರಿಗೆ ಸಿಗುವುದು 6,000. ಇನ್‌ವಾಯ್ಸ್ ಮೊತ್ತ ಕೊಡುವ ಆಡ್-ಆನ್ ಮೊದಲ ಎರಡು ಮೂರು ವರ್ಷಕ್ಕೆ ಸಾಕು. ಕೀ ಕಳೆದರೆ, ಟೈರು ಹರಿದರೆ, ಕಾರಿನೊಳಗಿನ ವಸ್ತು ಹೋದರೆ ಎಂಬಂಥವು ನಿಮ್ಮ ಜೇಬು ತಡೆದುಕೊಳ್ಳಬಲ್ಲ ನಷ್ಟಗಳು, ಇವನ್ನು ಬಿಡಿ. ರಸ್ತೆಬದಿ ನೆರವು ಕಾರಿನ ಕಂಪನಿಯಿಂದಲೇ ಈಗಾಗಲೇ ಇರಬಹುದು, ನೋಡಿಕೊಳ್ಳಿ. ಹತ್ತು ಹನ್ನೆರಡು ವರ್ಷದ, ಮಾರಿದರೆ ಒಂದು ಲಕ್ಷವೂ ಬಾರದ ಕಾರಿಗೆ ಥರ್ಡ್ ಪಾರ್ಟಿ ಮಾತ್ರ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಜಯನಗರ, ಮಲ್ಲೇಶ್ವರದ ಹಳೆಯ ಮರಗಳ ಕೆಳಗೆ ರಾತ್ರಿಯಿಡೀ ನಿಲ್ಲುವ ಕಾರಾದರೆ ಆ ನಿರ್ಧಾರ ಮುಂಗಾರು ಮುಗಿದ ಮೇಲೆ ಮಾಡಿ.

6. ಮನೆ ವಿಮೆ: ಕಟ್ಟಡಕ್ಕೆ ಮಾತ್ರ, ನಿವೇಶನಕ್ಕಲ್ಲ

ಮೊದಲು ನಿಮ್ಮ ಬಳಿ ಇರುವುದು ಮನೆ ವಿಮೆಯೇ ಎಂದು ಖಚಿತಪಡಿಸಿಕೊಳ್ಳಿ. ಗೃಹಸಾಲದ ಜೊತೆ ಬ್ಯಾಂಕಿನವರು ಸೇರಿಸಿದ್ದು ಬಹಳ ಸಲ ಸಾಲಗಾರನ ಜೀವ ವಿಮೆ. ಗೋಡೆ ಬಿದ್ದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಬ್ಯಾಂಕು ಕಟ್ಟಡಕ್ಕೆ ವಿಮೆ ಇರಲಿ ಎನ್ನಬಹುದು, ಇಂಥದೇ ಕಂಪನಿಯದು ಎಂದು ಕಟ್ಟಿಹಾಕುವಂತಿಲ್ಲ.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡುತ್ತಿವೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಭೂಕುಸಿತ, ಗಲಭೆ ಎಲ್ಲವೂ ಅದರಲ್ಲಿವೆ. ಷರತ್ತುಗಳು ಒಂದೇ ಆದ್ದರಿಂದ ದರವನ್ನು ಹೋಲಿಸುವುದು ಸುಲಭ. ಹಣ ಪೋಲಾಗುವುದು ವಿಮಾ ಮೊತ್ತವನ್ನು ಹೇಳುವಾಗ. 1 ಕೋಟಿ 10 ಲಕ್ಷಕ್ಕೆ ಕೊಂಡ ಫ್ಲ್ಯಾಟಿಗೆ ಅಷ್ಟೇ ಮೊತ್ತದ ವಿಮೆ ಮಾಡಿಸುವವರಿದ್ದಾರೆ. ಆ ಬೆಲೆಯಲ್ಲಿ ದೊಡ್ಡ ಪಾಲು ನೆಲದ್ದು, ಬಡಾವಣೆಯ ಹೆಸರಿನದ್ದು; ಅವು ಸುಡುವುದಿಲ್ಲ. ಲೆಕ್ಕ ಹಾಕಬೇಕಾದದ್ದು ಕಾರ್ಪೆಟ್ ಏರಿಯಾ (ಮನೆಯ ಗೋಡೆಗಳೊಳಗಿನ ನೆಲದ ಅಳತೆ) ಗುಣಿಸು ಇಂದು ಮರಳಿ ಕಟ್ಟುವ ಖರ್ಚು. 1,000 ಚದರಡಿ, ಚದರಡಿಗೆ 2,500 ರೂಪಾಯಿ ಎಂದರೆ 25 ಲಕ್ಷ. ನಮ್ಮ ಕ್ರಯಪತ್ರಗಳಲ್ಲಿ ಹೆಚ್ಚಾಗಿ ಇರುವುದು ಸೂಪರ್ ಬಿಲ್ಟ್-ಅಪ್ ಅಳತೆ. ಅದನ್ನೇ ಬರೆದರೆ ಹಜಾರ, ಲಿಫ್ಟಿನ ಜಾಗಕ್ಕೂ ನೀವೇ ಕಟ್ಟಿದಂತೆ. ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಾದ ರೇರಾ ನಂತರದ ಕಟ್ಟಡಗಳ ಒಪ್ಪಂದದಲ್ಲಿ ಕಾರ್ಪೆಟ್ ಏರಿಯಾ ಪ್ರತ್ಯೇಕವಾಗಿ ಸಿಗುತ್ತದೆ.

ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷದವರೆಗೆ ರಕ್ಷಣೆ ತಾನಾಗಿಯೇ ಸೇರಿರುತ್ತದೆ. ಮೇಲಿನ ಲೆಕ್ಕದಲ್ಲಿ ಅದು 5 ಲಕ್ಷ, ಸಾಮಾನ್ಯ ಕುಟುಂಬಕ್ಕೆ ಸಾಕು. ಒಡವೆ ಇದರಲ್ಲಿ ಬರುವುದಿಲ್ಲ, ಅದಕ್ಕೆ ಐಚ್ಛಿಕ ರಕ್ಷಣೆ ಬೇರೆ. ಮನೆ ಒಡೆದು ಮಾಡುವ ಕಳ್ಳತನವೂ ಮೂಲ ಪಾಲಿಸಿಯಲ್ಲಿಲ್ಲ. ಬೆಂಕಿ, ಪ್ರವಾಹದಂಥ ಘಟನೆಯ ಬೆನ್ನಿಗೇ ಏಳು ದಿನದೊಳಗೆ ನಡೆದ ಕಳವಿಗೆ ಮಾತ್ರ ರಕ್ಷಣೆ ಇದೆ. ನೆಲಮಹಡಿಯಲ್ಲಿ, ಬೀದಿಗೆ ಬಾಗಿಲಿರುವ ಮನೆಯವರು ಕಳ್ಳತನದ ವಿಮೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು.

ಅಪಾರ್ಟ್‌ಮೆಂಟಿನವರು ಅಸೋಸಿಯೇಷನ್ನಿನ ಕಾರ್ಯದರ್ಶಿಯನ್ನು ಕೇಳಿ, ಇಡೀ ಕಟ್ಟಡದ ಪಾಲಿಸಿಯಲ್ಲಿ ಫ್ಲ್ಯಾಟುಗಳ ಗೋಡೆಗಳೂ ಸೇರಿವೆಯೇ ಎಂದು ತಿಳಿದುಕೊಳ್ಳಬೇಕು. ಸೇರಿದ್ದರೆ ನಿಮಗೆ ಬೇಕಾದದ್ದು ಸಾಮಾನಿನ ವಿಮೆ ಮಾತ್ರ, ಏಕೆಂದರೆ ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಪರಿಹಾರ ಬರುವುದಿಲ್ಲ. ಬಾಡಿಗೆದಾರರಿಗೂ ಅಷ್ಟೇ. ಮನೆ ವಿಮೆಯನ್ನು ಒಮ್ಮೆಗೇ ಹತ್ತು ವರ್ಷದವರೆಗೆ ಮಾಡಿಸಬಹುದಾದ್ದರಿಂದ ದರ ಏರುತ್ತಿರುವ ಕಾಲದಲ್ಲಿ ಇಂದಿನ ದರವನ್ನೇ ಕಟ್ಟಿಹಾಕಿಕೊಳ್ಳುವ ದಾರಿಯೂ ಇದೆ.

7. ಕಟ್ಟಿದ್ದನ್ನು ವಸೂಲಿ ಮಾಡುವ ದಾರಿ

2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ ಪಾಲಿಸಿಯನ್ನು ಮಧ್ಯದಲ್ಲಿ ರದ್ದುಪಡಿಸಿದರೆ ಉಳಿದ ಅವಧಿಗೆ ಅನುಪಾತದಂತೆ ಹಣ ಹಿಂದಿರುಗಬೇಕು, ಮತ್ತು ದಾಖಲೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ತಕರಾರಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗೆ ಪರಿಹಾರ ಆದೇಶಿಸುವ ಅಧಿಕಾರ ಅವರಿಗಿದೆ. ಅರ್ಜಿಯ ಜೊತೆ ಪಾಲಿಸಿಯ ಪ್ರತಿ, ನಷ್ಟವನ್ನು ಅಂದಾಜು ಮಾಡಿದ ಸರ್ವೇಯರ್ ವರದಿ, ತಿರಸ್ಕಾರದ ಪತ್ರ, ಕಂಪನಿಗೆ ಕೊಟ್ಟ ದೂರಿನ ಸ್ವೀಕೃತಿ ಮತ್ತು ಘಟನೆಯ ದಿನವೇ ತೆಗೆದ ಫೋಟೋಗಳನ್ನು ಲಗತ್ತಿಸಿ. ಸರ್ವೇಯರ್ ವರದಿಯನ್ನು ಕಂಪನಿ ತಾನಾಗಿ ಕಳಿಸದಿದ್ದರೆ ಪತ್ರ ಬರೆದು ಕೇಳಿ ಪಡೆಯಿರಿ.